ಎರಡಕ್ಕೂ ಹೂಂ ಅಂದೆ

ಕುಂದಾಪುರ ಪೇಟೆಯಲ್ಲಿ ಔಷಧಿ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮದು ಎರಡು ಕೋಣೆಯ ಕಚೇರಿ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ನಾನು ಅಲ್ಲಿಗೆ ಸೇರಿದಾಗ ಕೆಲಸವೆಂದರೆ ಬೋಟಿನ ವಯರ್‌ಲೆಸ್ ಸೆಟ್ಟು, ಮೀನು ತೋರಿಸುವ ಯಂತ್ರ, ಇವುಗಳ ರಿಪೇರಿ. ಉಪ್ಪುಗಾಳಿಗೆ ಹಸಿರುಗಟ್ಟಿದ ತಂತಿಗಳನ್ನು ಕೆರೆದೂ ಕೆರೆದೂ ನನ್ನ ಉಗುರಿನ ಬಣ್ಣವೇ ಬೇರೆಯಾಗಿತ್ತು. ಎಷ್ಟು ದಿನ ಅಂತ ಬೇರೆಯವರ ಯಂತ್ರ ಸರಿ ಮಾಡುತ್ತ ಕೂರುವುದು ಎಂದು ಕಚೇರಿಯ ಯಜಮಾನರಿಗೆ ಒಂದು ದಿನ ಅನ್ನಿಸಿತು. ನಾಡದೋಣಿಯವರಿಗೆಂದೇ ಒಂದು ಸಣ್ಣ ಪೆಟ್ಟಿಗೆ ತಯಾರಿಸಿದೆವು. ಮೊಬೈಲ್ ಟವರು ಸಿಗದ ದೂರದಲ್ಲೂ ತೂಫಾನಿನ ಎಚ್ಚರಿಕೆ ಅದರ ಪರದೆಯ ಮೇಲೆ ಕನ್ನಡದಲ್ಲಿ ಬರಬೇಕು, ಜೊತೆಗೆ ಪೆಟ್ಟಿಗೆ ಕೂಗಬೇಕು. ಅಷ್ಟೇ ಅದರ ಕೆಲಸ.

ಮೊದಲ ಪೆಟ್ಟಿಗೆಯನ್ನು ನನ್ನ ಸೋದರಮಾವನ ದೋಣಿಗೆ ನಾನೇ ಹೋಗಿ ಕೂರಿಸಿದೆ. ಮಾವ ಕುಂದಾಪುರದ ಪಕ್ಕದ ಕಡಲತೀರ ಕೋಡಿಯವರು, ಎಂಟು ಜನರ ದೋಣಿಗೆ ತಾಂಡೇಲರು, ಅಂದರೆ ಕಡಲಿನಲ್ಲಿ ಅವರು ಹೇಳಿದ್ದೇ ಕೊನೆಯ ಮಾತು. ಮಳೆಗಾಲದಲ್ಲಿ ದೊಡ್ಡ ಬೋಟುಗಳೆಲ್ಲ ದಡ ಹತ್ತಿರುವಾಗ ನಾಡದೋಣಿಯವರಿಗೇ ಸುಗ್ಗಿ. ಅಪಾಯವೂ ಅವರಿಗೇ.

ಆ ವರ್ಷ ಆಷಾಢದ ಒಂದು ದಿನ ಎಚ್ಚರಿಕೆ ಬಂತು. ಹೊಳೆಯ ಆಚೆ ದಡದ ಗಂಗೊಳ್ಳಿಯ ದೋಣಿಗಳಲ್ಲಿ ಇದ್ದದ್ದು ಬೇರೆ ಕಂಪನಿಯ ಪೆಟ್ಟಿಗೆ. ಅವು ಕೂಗಿದವು, ಅವರೆಲ್ಲ ವಾಪಸು ಬಂದರು. ಅದೇ ಎಚ್ಚರಿಕೆ ಮಾವನ ಪೆಟ್ಟಿಗೆಗೂ ಬಂದಿತ್ತು. ಆದರೆ ಅದನ್ನು ಬರೆದ ರೀತಿ ನಮ್ಮ ಪೆಟ್ಟಿಗೆಗೆ ಅರ್ಥವಾಗಲಿಲ್ಲ. ಪರದೆಯ ತುಂಬ ಬರೀ ಖಾಲಿ ಚೌಕಗಳು, ಸದ್ದೇ ಇಲ್ಲ. ಮಾವ ತಿರುಗಿ ಬರುವಷ್ಟರಲ್ಲಿ ಹೊಳೆ ಕಡಲು ಸೇರುವ ಅಳಿವೆಯ ಬಾಯಿಯಲ್ಲಿ ಅಲೆ ಎದ್ದು ದೋಣಿ ಮಗುಚಿತು. ಎಂಟೂ ಜನ ಬದುಕಿದರು. ದಡದಲ್ಲಿದ್ದವರು ಹಗ್ಗ ಎಸೆದು ಎಳೆದುಕೊಂಡರಂತೆ. ಮಾವನ ಎಡ ಭುಜ ಮಾತ್ರ ಇವತ್ತಿಗೂ ಮೇಲಕ್ಕೆ ಏಳುವುದಿಲ್ಲ, ಅಂಗಿ ಹಾಕಿಕೊಳ್ಳಲು ಅತ್ತೆ ಕೈ ಕೊಡಬೇಕು.

ಆಸ್ಪತ್ರೆಯ ಜಗಲಿಯಲ್ಲಿ ಅತ್ತೆ ನನ್ನನ್ನು ನೋಡಿ ಒಂದೇ ಮಾತು ಹೇಳಿದ್ದು. "ನಿನ್ ಪೆಟ್ಗಿ ನಂಬ್ಕಂಡ್ ಹೋದ್ದ್ ಹೆಣ್ಣೇ ಇವ್ರ್." ದೂರಿನ ದನಿ ಇರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಹೇಳಿ ಜಗಳ ಮಾಡಿ ಹಗುರವಾಗುತ್ತಿದ್ದೆ. ಎಷ್ಟೋ ರಾತ್ರಿ ಆ ಚೌಕಗಳು ಕಣ್ಣಿಗೆ ಕಟ್ಟಿದ್ದವು.

ತಪ್ಪು ಯಾರದು ಎಂದು ಹುಡುಕುತ್ತ ಹೋದರೆ ಯಾರದೂ ಅಲ್ಲ. ಎಚ್ಚರಿಕೆಯ ಸಾಲಿನಲ್ಲಿ ಮೊದಲು ಯಾವುದು, ಆಮೇಲೆ ಯಾವುದು, ಅಕ್ಷರವನ್ನು ಯಾವ ಸಂಖ್ಯೆಯಲ್ಲಿ ಬರೆಯಬೇಕು ಎಂಬುದಕ್ಕೆ ಎಲ್ಲರೂ ಒಪ್ಪಿದ ಒಂದು ಕಟ್ಟಳೆ ಇರಲಿಲ್ಲ. ಒಬ್ಬೊಬ್ಬರದು ಒಂದೊಂದು ದಾರಿ, ಒಬ್ಬರ ದಾರಿಗೆ ನಮ್ಮ ಪೆಟ್ಟಿಗೆಯನ್ನು ಸರಿಮಾಡಿದರೆ ಇನ್ನೊಬ್ಬರದು ಬಂದಾಗ ಮತ್ತೆ ಚೌಕ. ಯಾವ ಫೋನಿನಿಂದ ಯಾವ ಫೋನಿಗೆ ಮೆಸೇಜು ಕಳಿಸಿದರೂ ಓದಲು ಬರುತ್ತದಲ್ಲ, ಅದು ಆಕಾಶದಿಂದ ಉದುರಿದ್ದಲ್ಲ. ಯಾರೋ ಎಲ್ಲೋ ವರ್ಷಗಟ್ಟಲೆ ಕೂತು, ಜಗಳವಾಡಿ, ಒಪ್ಪಿಕೊಂಡು ಬರೆದ ಕಟ್ಟಳೆಯ ಫಲ. ಅಂತಹದೇ ಕಟ್ಟಳೆಯನ್ನು ಸಣ್ಣ ಪೆಟ್ಟಿಗೆಗಳ ಎಚ್ಚರಿಕೆಗೂ ಬರೆಯಲು ಇಂಟರ್‌ನೆಟ್ಟಿನಲ್ಲಿ ಒಂದು ಗುಂಪು ಶುರುವಾಗಿದೆ, ಯಾರು ಬೇಕಾದರೂ ಸೇರಬಹುದು, ಶುಲ್ಕವಿಲ್ಲ ಎಂದು ಕಚೇರಿಯ ಯಜಮಾನರು ಎಲ್ಲಿಂದಲೋ ತಿಳಿದುಕೊಂಡು ಬಂದರು.

"ನೀ ಸೇರ್ ಮರಾಯ್ತಿ. ಜಗಳ ಮಾಡುಕೆ ನಿನ್ನಷ್ಟ್ ಲಾಯ್ಕಿಪ್ಪವ್ರ್ ನಮ್ಮಲ್ ಯಾರೂ ಇಲ್ಲೆ" ಎಂದರು. ಹೊಗಳಿದರೋ ಹಂಗಿಸಿದರೋ ಗೊತ್ತಾಗಲಿಲ್ಲ. ಸೇರಿದೆ.

ಗುಂಪಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ, ಇಪ್ಪತ್ತು ಕಡೆಯವರು. ಅಧ್ಯಕ್ಷೆ ದೂರದೇಶದ ಒಬ್ಬ ಹಿರಿಯ ಹೆಂಗಸು, ತಾಳ್ಮೆಯೇ ಮೈವೆತ್ತಂತಿದ್ದರು. ಕೆಲಸವೆಲ್ಲ ಇಮೇಲಿನಲ್ಲಿ, ಎರಡು ಮೂರು ತಿಂಗಳಿಗೊಮ್ಮೆ ವಿಡಿಯೋ ಸಭೆ. ಮೊದಲ ಕರಡು ಆರು ಪುಟವಿತ್ತು. ಓದಿ ನನಗೆ ಬಹಳ ಖುಷಿಯಾಯಿತು. ಇಷ್ಟೇನಾ, ಬರುವ ಮಳೆಗಾಲಕ್ಕೆ ಮುಗಿದೇ ಹೋಯಿತು ಎಂದುಕೊಂಡೆ.

ನಾನು ಅಂದುಕೊಂಡಿದ್ದು ಆಗಲಿಲ್ಲ. ಉತ್ತರದ ಹಿಮದ ಕಡಲಿನವರೊಬ್ಬರು, ಮಂಜುಗಡ್ಡೆಯ ಬಗ್ಗೆಯೂ ಎಚ್ಚರಿಕೆ ಬೇಕಲ್ಲ ಎಂದರು. ನ್ಯಾಯವೇ. ಬೆಟ್ಟದ ನಾಡಿನವರು ಗುಡ್ಡ ಕುಸಿತ ಸೇರಿಸಿ ಎಂದರು. ಅದೂ ನ್ಯಾಯ. ಓದಲು ಬಾರದವರಿಗೆ ಚಿತ್ರ ಬೇಕು, ಕಣ್ಣು ಕಾಣದವರಿಗೆ ದನಿ ಬೇಕು, ಎಚ್ಚರಿಕೆ ಮುಟ್ಟಿತು ಎಂದು ದೋಣಿಯಿಂದ ವಾಪಸು ಉತ್ತರ ಬೇಕು. ಒಂದಕ್ಕೂ ಬೇಡ ಎನ್ನಲು ಮನಸ್ಸು ಬರುವುದಿಲ್ಲ, ಬರಲೂ ಬಾರದು. ಇನ್ನೊಬ್ಬರಿದ್ದರು, ಅವರದು ಒಂದೇ ಜಪ. ಎಚ್ಚರಿಕೆ ಕಳಿಸಿದವರು ಯಾರು ಎಂಬುದಕ್ಕೆ ನಕಲು ಮಾಡಲಾಗದ ರುಜು ಇರಲೇಬೇಕು ಎಂದು. ಅದಕ್ಕೇ ಹದಿನೆಂಟು ಪುಟ ಬರೆದಿದ್ದರು. ಕಚೇರಿಯಲ್ಲಿ ನಾನು ಅವರಿಗೆ ರುಜು ರಾಯರು ಎಂದು ಹೆಸರಿಟ್ಟಿದ್ದೆ. ಅವರ ಇಮೇಲು ಬಂದರೆ ಸಾಕು, ಓದುವ ಮೊದಲೇ ನನಗೆ ತಲೆನೋವು.

ಎಲ್ಲರನ್ನೂ ಬೈದುಕೊಳ್ಳುತ್ತ ನಾನು ಮಾಡಿದ್ದೇನು? ನಮ್ಮ ಕಡೆಯ ಗಾಳಿಗಳ ಪಟ್ಟಿ ಬರೆದು ಕಳಿಸಿದೆ! ತೆಂಕುಗಾಳಿ ಅಂದರೆ ಏನು, ಪಡುಗಾಳಿ ಯಾವಾಗ, ಮೂಡುಗಾಳಿ ಬಿಟ್ಟರೆ ಯಾವ ಬಲೆ, ಕಡಲು ಕೆದರಿದೆ ಎನ್ನುವುದಕ್ಕೂ ಕಡಲು ಎದ್ದಿದೆ ಎನ್ನುವುದಕ್ಕೂ ಇರುವ ವ್ಯತ್ಯಾಸವೇನು. ಕೋಡಿಯ ಹಿರಿಯರ ಜಗಲಿ ಜಗಲಿಗೆ ಹೋಗಿ ಕೇಳಿ ಬರೆದುಕೊಂಡಿದ್ದು. ಒಂದು ವರ್ಷದ ಭಾನುವಾರಗಳೆಲ್ಲ ಅದಕ್ಕೇ ಹೋಗಿದ್ದವು. ಇಂಗ್ಲಿಷಿನ ನಾಲ್ಕು ಶಬ್ದಗಳಲ್ಲಿ ನಮ್ಮ ಕಡಲನ್ನು ಹೇಳಿ ಮುಗಿಸಿದರೆ ಸಹಿಸಲಾರೆ ಎಂದು ಹಟ ಹಿಡಿದಿದ್ದೆ. ನಮ್ಮದು ಮಾತ್ರ ನ್ಯಾಯ, ಉಳಿದವರದ್ದೆಲ್ಲ ದುರಾಸೆ. ಹಾಗೆ ಒಂದು ವರ್ಷ ಕಳೆಯುವಷ್ಟರಲ್ಲಿ ಆರು ಪುಟದ ಕರಡು ನೂರರ ಹತ್ತಿರಕ್ಕೆ ಬಂದಿತ್ತು, ನಮ್ಮ ಪೆಟ್ಟಿಗೆಗೆ ಒಮ್ಮೆಗೆ ಸಿಗುವ ಜಾಗವೋ ಒಂದು ಎಸ್ಸೆಮ್ಮೆಸ್ಸಿನಷ್ಟು. ಇನ್ನೊಂದು ಮಳೆಗಾಲ ಮುಗಿದುಹೋಗಿತ್ತು. ಮಾವ ಆ ಭುಜದಲ್ಲೇ ಮತ್ತೆ ಕಡಲಿಗೆ ಹೋಗುತ್ತಿದ್ದರು, ಆ ಮಳೆಗಾಲವಿಡೀ ಅತ್ತೆ ದಿನಾ ಬೆಳಿಗ್ಗೆ ನನಗೆ ಫೋನು ಮಾಡುತ್ತಿದ್ದರು. ಏನೂ ಕೇಳುತ್ತಿರಲಿಲ್ಲ, ಹವಾಮಾನದ ಬಗ್ಗೆ ನಾನಾಗಿ ಏನಾದರೂ ಹೇಳುತ್ತೇನೋ ಎಂದು ಕಾಯುತ್ತಿದ್ದರು.

ದೀಪಾವಳಿ ಕಳೆದ ಮೇಲಿನ ಸಭೆಯಲ್ಲಿ ಅಧ್ಯಕ್ಷೆ ಇದನ್ನು ತೀರ್ಮಾನಕ್ಕೆ ತಂದರು. ಸಭೆಯ ಹೊತ್ತು ಸರದಿಯ ಪ್ರಕಾರ ಬದಲಾಗುತ್ತದೆ, ಆ ಸಲ ನಮಗೆ ಬೆಳಿಗ್ಗೆ ಏಳೂವರೆ. ಮನೆಯಲ್ಲೇ, ದೋಸೆ ತಿಂದು ಕೈ ತೊಳೆದು ಲ್ಯಾಪ್‌ಟಾಪಿನ ಮುಂದೆ ಕೂತಿದ್ದೆ. ಈ ಗುಂಪಿನಲ್ಲಿ ಕೈಯೆತ್ತಿ ಮತ ಹಾಕುವುದಿಲ್ಲ. ತಲೆ ಎಣಿಸಿದರೆ ದೊಡ್ಡ ಕಂಪನಿಯವರು ತಲೆಗಳನ್ನು ತಂದು ತುಂಬಿಯಾರು ಎಂದು ಒಂದು ಹಳೆಯ ಪದ್ಧತಿ ಇಟ್ಟುಕೊಂಡಿದ್ದಾರೆ. ಪ್ರಶ್ನೆ ಕೇಳಿದಾಗ ಒಪ್ಪುವವರು ಬಾಯಿ ಮುಚ್ಚಿಕೊಂಡೇ ಹೂಂ ಅನ್ನಬೇಕು. ಯಾವ ಪ್ರಶ್ನೆಗೆ ಹೂಂಕಾರ ಜೋರಾಗಿ ಬಂತೋ ಗುಂಪಿನ ಒಲವು ಆ ಕಡೆಗೆ. ಅದಕ್ಕೆಂದು ಎಲ್ಲರೂ ಮೈಕ್ ತೆರೆದಿಟ್ಟಿದ್ದೆವು. ನನಗೆ ಅದು ಮೊದಲ ಹೂಂ ಸಭೆ.

ಮೊದಲ ಪ್ರಶ್ನೆ ಚಿಕ್ಕದು. ಕರಡನ್ನು ಕಡಿದು ಸಣ್ಣದು ಮಾಡಿ ಬೇಗ ಹೊರಗೆ ಕಳಿಸೋಣವೇ? ನಾನು ಹೂಂ ಅಂದೆ, ಮನಸಾರೆ. ಆಮೇಲೆ ಅಧ್ಯಕ್ಷೆ ಎರಡನೆಯದಕ್ಕೆ ಬಂದರು. ಎಲ್ಲವನ್ನೂ ಸೇರಿಸಿ ನಿಧಾನವಾಗಿ ಒಂದೇ ಸಲ ಕೊಡೋಣವೇ ಎಂಬುದು ಪ್ರಶ್ನೆ. ಆದರೆ ಆ ತಾಯಿ ಅದನ್ನು ಒಂದೇ ಸಾಲಿನಲ್ಲಿ ಕೇಳಲಿಲ್ಲ. ಮಂಜುಗಡ್ಡೆಯವರ ಕಷ್ಟವೇನು, ಗುಡ್ಡದವರ ಕಷ್ಟವೇನು, ಚಿತ್ರ ಯಾಕೆ ಬೇಕು ಎಂದು ಒಂದೊಂದಾಗಿ, ಮೊಮ್ಮಕ್ಕಳಿಗೆ ಕತೆ ಹೇಳಿದ ಹಾಗೆ ವಿವರಿಸಿದರು. ನಾನು ಪ್ರತಿ ವಾಕ್ಯಕ್ಕೂ "ಹೂಂ... ಹೂಂ" ಅಂದೆ.

ನಮ್ಮ ಕಡೆ ಹೂಂ ಅನ್ನುವುದು ಒಪ್ಪಿಗೆಯಲ್ಲ, ಮರ್ಯಾದೆ. ಹಿರಿಯರು ಮಾತಾಡುವಾಗ ಕೇಳುವವರು ಹೂಂಗುಟ್ಟಬೇಕು, ಇಲ್ಲದಿದ್ದರೆ ಅವರು ಮಾತು ನಿಲ್ಲಿಸಿ "ಕೇಂತಾ ಇತ್ತಾ, ನಿದ್ರಿ ಬಂತಾ?" ಎನ್ನುತ್ತಾರೆ. ಅಜ್ಜಿಯ ಮಗ್ಗುಲಲ್ಲಿ ಮಲಗಿ ಕಲಿತ ಹೂಂ ಅದು. ಫೋನಿನಲ್ಲಂತೂ ಹೂಂಗುಟ್ಟದಿದ್ದರೆ ಲೈನು ಕಟ್ಟಾಯಿತು ಎಂದೇ ಇಟ್ಟುಬಿಡುತ್ತಾರೆ. ಆವತ್ತು ನನ್ನ ಗಂಟಲು ನನ್ನನ್ನು ಕೇಳದೆಯೇ ಕೆಲಸ ಮಾಡಿತು. ಅಧ್ಯಕ್ಷೆ ನನ್ನ ಕಡೆ ನೋಡಿ ಮುಗುಳ್ನಕ್ಕರು. ಎಷ್ಟು ಗಮನ ಕೊಟ್ಟು ಕೇಳುತ್ತಾಳೆ ಎಂದು ಮೆಚ್ಚಿಕೊಂಡಿರಬೇಕು ಎಂದು ನಾನೂ ನಕ್ಕೆ.

ಮೂರು ದಿನ ಬಿಟ್ಟು ಸಭೆಯ ವರದಿ ಬಂತು. "ಎಲ್ಲವನ್ನೂ ಒಟ್ಟಿಗೆ ಕೊಡುವ ಕಡೆಗೇ ಗುಂಪಿನ ಒಲವು. ಮೀನುಗಾರರ ತೀರದಿಂದ ಬಂದಿರುವ ಸದಸ್ಯೆಯ ಬೆಂಬಲ ವಿಶೇಷವಾಗಿ ಗಟ್ಟಿಯಾಗಿತ್ತು. ಆಕ್ಷೇಪಣೆ ಇದ್ದವರು ಎರಡು ವಾರದೊಳಗೆ ಬರೆಯಿರಿ."

ವರದಿಯನ್ನು ಎರಡೆರಡು ಸಲ ಓದಿದೆ. ಇನ್ನು ಇದು ಮುಗಿಯಲು ಎರಡು ವರ್ಷವೋ ಮೂರು ವರ್ಷವೋ. ಅಲ್ಲಿಯವರೆಗೆ ಮಾವನ ಪೆಟ್ಟಿಗೆಯಲ್ಲಿ ಚೌಕಗಳು. ಗುಂಪಿನಲ್ಲಿ ದೋಣಿಯವರ ಪರವಾಗಿ ಇದ್ದವಳು ನಾನೊಬ್ಬಳೇ, ನಾನೇ ಹೂಂ ಅಂದ ಮೇಲೆ ಉಳಿದವರು ಇನ್ನೇನು ಮಾಡಿಯಾರು?

ತಕ್ಷಣ ಕೂತು ಕೆಂಡದಂತಹ ಇಮೇಲು ಬರೆದೆ. ಬೇರೆಯವರ ರೂಢಿ ತಿಳಿದುಕೊಳ್ಳದೆ ಸಭೆ ನಡೆಸುತ್ತೀರಿ, ಮಂಜುಗಡ್ಡೆಯವರು ಇನ್ನೂ ಹತ್ತು ವರ್ಷ ಕಾಯಬಹುದು, ನಮ್ಮವರು ಕಾಯಲಾಗದು, ಇತ್ಯಾದಿ. ಕಳಿಸುವ ಮುಂಚೆ ಯಜಮಾನರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಕೊನೆಯವರೆಗೂ ಓದಿದರು.

"ಕಡಿಯುದೇ ಆರೆ, ನಿನ್ ಗಾಳಿ ಪಟ್ಟಿ ಎಂತ ಆತ್ತ್?" ಎಂದರು.

"ಅದ್ ಬೇರೆ ವಿಷ್ಯ" ಎಂದೆ.

"ಹೌದ್ ಹೌದ್. ಬೇರೆಯವ್ರದ್ದೆಲ್ಲ ಹೆರ್ಗೆ ಹಾಕ್ಕ್, ನಿಂದೊಂದ್ ಒಳ್ಗೆ ಕೂರ್ಕ್. ಲಾಯ್ಕಿತ್ತ್ ನಿನ್ ನ್ಯಾಯ."

ಆ ಇಮೇಲು ಕಳಿಸಲಿಲ್ಲ. ಅವರ ಜೊತೆ ಮಾತನ್ನೂ ಬಿಟ್ಟೆ. ಅವರು ಹೇಳಿದ್ದು ಸರಿ ಎಂದು ಗೊತ್ತಿದ್ದದ್ದಕ್ಕೇ ಮಾತಾಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಮಾವನ ಮನೆಗೆ ಹೋದೆ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಕಡಲಿಗೆ ಹೋಗುವವರನ್ನೇ ಕೇಳುವುದು ಸರಿ ಅನ್ನಿಸಿತು. ಇಷ್ಟು ದಿನ ಯಾಕೆ ಕೇಳಿರಲಿಲ್ಲವೋ, ದೇವರಿಗೇ ಗೊತ್ತು. ಮಾವ ಜಗಲಿಯಲ್ಲಿ ಬಲೆ ಹರಡಿಕೊಂಡು ಹರಿದ ಕಣ್ಣು ಹೆಣೆಯುತ್ತಿದ್ದರು, ಅತ್ತೆ ಅಂಗಳದಲ್ಲಿ ಮೀನಿನ ಬುಟ್ಟಿ ತುಂಬುತ್ತಿದ್ದರು. ಅತ್ತೆ ಬಹಳ ವರ್ಷಗಳಿಂದ ಬಸ್ಸಿನಲ್ಲಿ ಬ್ರಹ್ಮಾವರಕ್ಕೆ ಹೋಗಿ ಮನೆ ಮನೆಗೆ ಮೀನು ಮಾರುತ್ತಾರೆ.

"ಮಾವ, ಪೆಟ್ಗಿಯೊಳ್ಗೆ ನಿಮ್ಗೆ ಎಂತೆಲ್ಲ ಬರ್ಕ್?" ಎಂದು ಕೇಳಿದೆ.

ಮಾವ ಸೂಜಿ ನಿಲ್ಲಿಸಿ ಯೋಚಿಸಿದರು. ತೂಫಾನಿನ ಸುದ್ದಿ ಬರಬೇಕು. ಗಾಳಿ ಬರ್ಕ್. ಅಲೆ ಎಷ್ಟೆತ್ತರ ಅಂತ ಬರ್ಕ್. ಅಲ್ಲಿಗೆ ನಿಲ್ಲಲಿಲ್ಲ. "ಗಂಗೊಳ್ಳಿಲಿ ಬಂಗ್ಡಿ ಮೀನಿನ್ ರೇಟ್ ಎಷ್ಟಂತ ಬಂದ್ರೆ ಲಾಯ್ಕಿತ್ತ್. ಮತ್ತೆ ಯಾರಿಗ್ ಎಲ್ ಮೀನ್ ಬಿತ್ತ್ ಅಂತ್ಲೂ. ಕ್ರಿಕೆಟ್ ಬಪ್ದಿಲ್ಯಾ ಅದ್ರೊಳ್ಗೆ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗುಂಪಿನ ಅಷ್ಟೂ ಜನರು ನಮ್ಮ ಮಾವನೊಳಗೇ ಕೂತಿದ್ದರು.

ಅತ್ತೆ ತಲೆ ಎತ್ತದೆ ಹೇಳಿದರು. "ಅಳಿವೆ ಮೇಲ್ ಬಪ್ಪೊತ್ತಿಗೆ ಬಂಗ್ಡಿ ರೇಟ್ ಕಾಂತ್ರಾ ನೀವ್? ಹೋಪ್ದಾ ಬ್ಯಾಡ್ದಾ ಅಷ್ಟ್ ಗೊತ್ತಾರ್ ಸಾಕಲ್ದಾ?"

ಮಾವ ಮತ್ತೆ ಸೂಜಿ ಆಡಿಸತೊಡಗಿದರು. ಅತ್ತೆಯ ಬುಟ್ಟಿಯ ಪಕ್ಕದಲ್ಲಿ ಒಣಮೀನಿನ ಕಟ್ಟೂ ಇತ್ತು. ಅದನ್ನು ಅವರು ಒಳಗೆ ಎತ್ತಿಟ್ಟರು. ಇವತ್ತು ಅದು ಹೋಗುವುದಿಲ್ಲವಾ ಎಂದು ಕೇಳಿದೆ. "ಬುಟ್ಟಿ ಒಂದೇ ಅಲ್ದಾ ಹೆಣ್ಣೇ ಇಪ್ಪುದ್. ಹಸಿ ಮೀನ್ ಇವತ್ತೇ ಹೋಯ್ಕ್. ಒಣ ಮೀನ್ ಆಚಿ ವಾರ ಹೋರೂ ಹಾಳಾತ್ತಿಲ್ಲೆ" ಎಂದು ಸಿಂಬಿ ತಲೆಗಿಟ್ಟು ಬುಟ್ಟಿ ಹೊತ್ತು ಬಸ್ಸಿಗೆ ನಡೆದರು. ಅವರು ಹೇಳಿದ್ದು ಮೀನಿನ ವಿಷಯ, ಅಷ್ಟೇ. ನಾನು ಮಾತ್ರ ಅಲ್ಲೇ ಅಂಗಳದಲ್ಲಿ ನಿಂತು ನಮ್ಮ ನೂರು ಪುಟಗಳನ್ನು ಹಸಿಯದು, ಒಣಗಿದ್ದು ಎಂದು ಮನಸ್ಸಿನಲ್ಲೇ ವಿಂಗಡಿಸತೊಡಗಿದೆ. ಗಾಳಿಗಳ ಪಟ್ಟಿ ಒಣಮೀನು. ಎಷ್ಟು ತಿರುಗಿಸಿ ನೋಡಿದರೂ ಒಣಮೀನೇ. ಗಾಳಿಯ ಹೆಸರು ಮಾವನಿಗೆ ನಾನು ಹೇಳಬೇಕೇ? ನನಗೆ ಹೇಳಿಕೊಟ್ಟವರೇ ಅವರು.

ಆ ವಿಂಗಡಣೆಯಲ್ಲಿ ರುಜು ರಾಯರ ಹದಿನೆಂಟು ಪುಟವನ್ನೂ ಮೊದಲ ಏಟಿಗೆ ಒಣಮೀನಿನ ಕಡೆ ಎಸೆದಿದ್ದೆ. ಸಂತೋಷದಿಂದಲೇ ಎಸೆದಿದ್ದೆ. ಅದು ತಪ್ಪು ಎಂದು ತಿಳಿಸಿದ್ದು ಶಿರೂರು.

ಅದೇ ವಾರ ಬೈಂದೂರು ದಾಟಿ ಶಿರೂರಿಗೆ ಹೋಗಬೇಕಾಯಿತು, ಒಂದು ದೋಣಿಯ ಪೆಟ್ಟಿಗೆಗೆ ನೀರು ಹೊಕ್ಕಿತ್ತು. ನಾನು ಬಿಚ್ಚಿ ಒರೆಸುತ್ತಿರುವಾಗ ದೋಣಿಯ ಯಜಮಾನರು, ಎಪ್ಪತ್ತರ ಮುದುಕರು, ಪಕ್ಕದಲ್ಲೇ ಕೂತು ತಮ್ಮ ಫೋನು ತೋರಿಸಿದರು. ಹೋದ ಮಳೆಗಾಲದಲ್ಲಿ ಯಾರೋ ವಾಟ್ಸಾಪಿನಲ್ಲಿ ಹಾಕಿದ ದನಿ ಅದು. "ಕಡ್ಲ್ ಸಮಾ ಇತ್ತ್, ಹೋಯ್ಲಕ್" ಎನ್ನುತ್ತಿತ್ತು. ಹೇಳಿದವರು ಸುಳ್ಳು ಹೇಳಿರಲಿಲ್ಲ, ಅವರು ಹೇಳಿದ ದಿನ ಕಡಲು ಸಮವಾಗಿಯೇ ಇತ್ತಂತೆ. ಆದರೆ ಅದು ಕೈಯಿಂದ ಕೈಗೆ ದಾಟಿ ಶಿರೂರಿಗೆ ಮುಟ್ಟಿದ್ದು ವಾರ ಕಳೆದ ಮೇಲೆ. ಕೇಳಿದ ಎರಡು ದೋಣಿ ಕಡಲಿಗಿಳಿದವು. ಬಲೆ ಬಿಟ್ಟು, ಜೀವ ಉಳಿಸಿಕೊಂಡು ಬಂದರು.

"ಯಾರ್ ಹೇಳ್ದ್, ಯಾವತ್ ಹೇಳ್ದ್, ಎಂತದೂ ಗೊತ್ತಿಲ್ಲೆ. ಹೇಳುವರ್ ಯಾರೂ ಇಲ್ದಿರೆ ನಾವೇ ಕಡ್ಲ್ ಕಂಡ್ ಹೋತಿದ್ದಿಲ್ಲೆ" ಎಂದರು ಮುದುಕರು.

ಸ್ಕ್ರೂಡ್ರೈವರು ಕೈಯಲ್ಲೇ ಉಳಿಯಿತು. ಎಚ್ಚರಿಕೆಯೇ ಇಲ್ಲದಿದ್ದರೆ ಜನ ತಮ್ಮ ಕಣ್ಣನ್ನು ನಂಬುತ್ತಾರೆ, ಕಳಿಸಿದವರು ಯಾರೆಂದು ತಿಳಿಯದ ಎಚ್ಚರಿಕೆ ಬಂದರೆ ಆ ಕಣ್ಣನ್ನೂ ಬಿಟ್ಟುಕೊಡುತ್ತಾರೆ. ರುಜು ರಾಯರು ವರ್ಷದಿಂದ ಇದನ್ನೇ ಬೇರೆ ಬೇರೆ ಮಾತಿನಲ್ಲಿ ಬರೆಯುತ್ತಿದ್ದರು, ನಾನು ಪೂರ್ತಿ ಓದಿರಲೇ ಇಲ್ಲ. ಬೇಗ ಮುಗಿಸಬೇಕೆಂಬ ಆತುರದಲ್ಲಿ ಅವರ ರುಜುವನ್ನೂ ಕಡಿದಿದ್ದರೆ, ಕೋಡಿಯಲ್ಲಿ ಮೊದಲು ಬಾಯಿಲ್ಲದ ಪೆಟ್ಟಿಗೆ ಕೂರಿಸಿದವಳು ಆಮೇಲೆ ಸುಳ್ಳು ಹೇಳುವ ಪೆಟ್ಟಿಗೆಯನ್ನೂ ಕೂರಿಸಿರುತ್ತಿದ್ದೆ. ಬಸ್ಸಿನಲ್ಲಿ ವಾಪಸು ಬರುವಾಗ ನಾಚಿಕೆಯಿಂದ ಯಾರ ಮುಖವನ್ನೂ ನೋಡಲಿಲ್ಲ, ನೋಡಿದರೂ ಅವರಿಗೇನು ಗೊತ್ತಾಗುತ್ತಿತ್ತು!

ಮರುದಿನ ಹೊಸದಾಗಿ ಇಮೇಲು ಬರೆದೆ. ಮೊದಲಿಗೆ ಹೂಂ ವಿಷಯ. ನಮ್ಮೂರಿನಲ್ಲಿ ಹೂಂ ಅಂದರೆ ಕೇಳುತ್ತಿದ್ದೇನೆ ಎಂದರ್ಥ, ಒಪ್ಪಿದೆ ಎಂದಲ್ಲ, ನನ್ನಿಂದ ತಪ್ಪಾಯಿತು, ನನ್ನ ಎರಡನೆಯ ಹೂಂ ಅನ್ನು ದಯವಿಟ್ಟು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಬರೆದೆ. ಇಪ್ಪತ್ತು ದೇಶದವರ ಮುಂದೆ ಹೀಗೆ ಬರೆಯುವುದು ಹೇಗಿರುತ್ತದೆ, ಬರೆದವರಿಗೇ ಗೊತ್ತು. ಆಮೇಲೆ, ಮೊದಲ ಕಟ್ಟಳೆಯಲ್ಲಿ ಏನಿರಬೇಕು ಎಂದು. ಹೋಗಬೇಕೋ ಬೇಡವೋ, ಯಾವ ಕಡಲಿಗೆ, ಯಾವ ಹೊತ್ತಿನವರೆಗೆ, ಹೇಳಿದವರು ಯಾರು. ಉಳಿದದ್ದಕ್ಕೆ ಸಾಲಿನ ಕೊನೆಯಲ್ಲಿ, ಫಾರಮ್ಮಿನ ಖಾನೆಯ ಹಾಗೆ, ಒಂದು ಮನೆ ಖಾಲಿ ಬಿಡೋಣ, ಮುಂದೆ ಯಾರಿಗೆ ಏನು ಬೇಕೋ ಅಲ್ಲಿ ಸೇರಿಸಲಿ, ಅದು ಅರ್ಥವಾಗದ ಹಳೆಯ ಪೆಟ್ಟಿಗೆಗಳು ಅಷ್ಟನ್ನು ಬಿಟ್ಟು ಉಳಿದದ್ದನ್ನು ಓದಲಿ. ಶಿರೂರಿನ ಕತೆ ಬರೆದು, ರುಜುವನ್ನು ನಾನು ಇಷ್ಟು ದಿನ ಅಸಡ್ಡೆ ಮಾಡಿದ್ದಕ್ಕೆ ಕ್ಷಮೆ ಕೇಳಿದೆ. ಕೊನೆಯ ಸಾಲು: "ಗಾಳಿಗಳ ಹೆಸರಿನ ನನ್ನ ಪಟ್ಟಿಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ."

ಆ ಸಾಲು ಟೈಪು ಮಾಡುವಾಗ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಆ ಶಬ್ದಗಳನ್ನು ಹೇಳಿಕೊಟ್ಟವರಲ್ಲಿ ಇಬ್ಬರು ಅಷ್ಟರಲ್ಲಿ ತೀರಿಹೋಗಿದ್ದರು.

ಮೊದಲ ಉತ್ತರ ಪೂರ್ವದ ಒಂದು ದ್ವೀಪದ ಸದಸ್ಯರಿಂದ ಬಂತು. "ನಮ್ಮಲ್ಲೂ ಹಾಗೆಯೇ. ನಾನೂ ಎರಡಕ್ಕೂ ಹೂಂ ಅಂದಿದ್ದೆ. ಹೇಳಲು ನಾಚಿಕೆಯಾಗಿತ್ತು." ಕಚೇರಿಯಲ್ಲಿ ನಾನೂ ಯಜಮಾನರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು, ಬಿಟ್ಟಿದ್ದ ಮಾತು ಅಲ್ಲಿಂದ ಮತ್ತೆ ಶುರುವಾಯಿತು. ಸಂಜೆಗೆ ರುಜು ರಾಯರು ಬರೆದರು. ಅವರದು ಉದ್ದನೆಯ ಇಮೇಲು ಎಂದು ಹೆದರಿಕೊಂಡೇ ತೆರೆದೆ. ಮೂರೇ ಸಾಲು. ಶಿರೂರಿನವರಿಗೆ ತಮ್ಮ ನಮಸ್ಕಾರ ತಿಳಿಸಬೇಕು, ಹದಿನೆಂಟು ಪುಟವನ್ನು ಎರಡಕ್ಕೆ ಇಳಿಸಿ ಈ ವಾರವೇ ಕೊಡುತ್ತೇನೆ ಎಂದು. ಕೊಟ್ಟರು ಕೂಡ. ಎರಡೂ ಪುಟ ಎಷ್ಟು ಸರಳವಾಗಿದ್ದವೆಂದರೆ, ಮೊದಲೇ ಹೀಗೆ ಬರೆಯಲು ಈ ಮನುಷ್ಯನಿಗೆ ಏನಾಗಿತ್ತು ಎಂದು ಮತ್ತೆ ಸಣ್ಣಗೆ ಸಿಟ್ಟು ಬಂತು.

ಆ ಎರಡು ಹೂಂ ಕಳೆದ ಮೇಲೆ ಒಲವು ಸಣ್ಣ ಕರಡಿನ ಕಡೆಗೇ ಎಂದು ಅಧ್ಯಕ್ಷೆ ವರದಿ ತಿದ್ದಿದರು. ಎಲ್ಲರೂ ಮಾತ್ರ ಸಲೀಸಾಗಿ ಒಪ್ಪಲಿಲ್ಲ. ಮಂಜುಗಡ್ಡೆಯವರು ಬೇಸರದಿಂದ ಒಂದು ತಿಂಗಳು ಗುಂಪಿನ ಕಡೆಗೇ ಬರಲಿಲ್ಲ. ನನಗೆ ಅವರ ಬೇಸರ ಅರ್ಥವಾಗುತ್ತಿತ್ತು, ಅವರ ಕಡಲಿನಲ್ಲೂ ಯಾರದೋ ಮಾವ ಇದ್ದಾರು. ನಾನು ಅವರಿಗೊಬ್ಬರಿಗೇ ಬರೆದೆ. ಖಾಲಿ ಬಿಟ್ಟ ಮನೆಗೆ ಮೊದಲು ನಿಮ್ಮ ಮಂಜುಗಡ್ಡೆಯೇ ಬರಲಿ, ಬರೆಯಲು ನಾನೂ ಕೈ ಜೋಡಿಸುತ್ತೇನೆ ಎಂದೆ. ಜೋಡಿಸಿದೆ ಕೂಡ. ಮಂಜುಗಡ್ಡೆ ಎಷ್ಟು ದಪ್ಪವಿದ್ದರೆ ದೋಣಿಗೆ ಅಪಾಯ ಎಂದು ಕೋಡಿಯ ಬಿಸಿಲಿನಲ್ಲಿ ಕೂತು ಓದಿದವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಕರಡು ಎಂಟು ಪುಟಕ್ಕೆ ಬಂದು ನಿಂತಿತು. ಅದಕ್ಕೆ ಕೊನೆಯ ಒಪ್ಪಿಗೆಯ ಮುದ್ರೆ ಬೀಳಲು ಇನ್ನೂ ಸಮಯವಿತ್ತು. ಆದರೆ ಕಾಗದದ ಮೇಲೆ ಸರಿ ಇದ್ದರೆ ಸಾಲದು, ಬೇರೆ ಬೇರೆಯವರ ಯಂತ್ರಗಳಲ್ಲಿ ಓಡಿಸಿ ತೋರಿಸಬೇಕು ಎಂಬುದು ಗುಂಪಿನ ರೂಢಿ. ಬೇಸಿಗೆಯಲ್ಲಿ ನಾನು ಬಾರ್ಜಿನಲ್ಲಿ ಹೊಳೆ ದಾಟಿ ಗಂಗೊಳ್ಳಿಗೆ ಹೋಗಿ, ಆಚೆ ಕಂಪನಿಯ ತಂತ್ರಜ್ಞರ ಜೊತೆ ಐಸ್ ಪ್ಲಾಂಟಿನ ನೆರಳಿನಲ್ಲಿ ಕೂತು, ಅವರ ಪೆಟ್ಟಿಗೆಯನ್ನೂ ನಮ್ಮ ಪೆಟ್ಟಿಗೆಯನ್ನೂ ಪಕ್ಕಪಕ್ಕದಲ್ಲಿಟ್ಟು ಪರೀಕ್ಷೆ ಮಾಡಿದೆ. ಮೊದಲ ದಿನ ಎರಡೂ ಕೂಗಲಿಲ್ಲ. ಎರಡನೆಯ ದಿನ ಅವರದು ಕೂಗಿತು. ನಾಲ್ಕನೆಯ ದಿನ ಎರಡೂ ಒಟ್ಟಿಗೆ ಕೂಗಿದಾಗ ಐಸು ಒಡೆಯುತ್ತಿದ್ದವರು ಕೆಲಸ ನಿಲ್ಲಿಸಿ, ಏನಾಯಿತು ಎಂದು ನೋಡಿದರು. ಮಳೆಗಾಲಕ್ಕೆ ಮುಂಚೆ ಕೋಡಿಯಿಂದ ಶಿರೂರಿನವರೆಗೆ ನಮ್ಮ ಪೆಟ್ಟಿಗೆ ಇದ್ದ ದೋಣಿಗಳಿಗೆಲ್ಲ ಹೊಸ ಕಟ್ಟಳೆ ಹಾಕಿ ಮುಗಿಸಿದೆವು, ಎಚ್ಚರಿಕೆ ಕಳಿಸುವ ಕಚೇರಿಯವರೂ ಆ ಮಳೆಗಾಲಕ್ಕೆ ಅದೇ ಕಟ್ಟಳೆಯಲ್ಲಿ ಕಳಿಸಲು ಒಪ್ಪಿದರು.

ಆಷಾಢದ ಒಂದು ಬೆಳಿಗ್ಗೆ ಆರರ ಹೊತ್ತಿಗೆ ನಾನು ಕೋಡಿಯ ದಡದಲ್ಲಿದ್ದೆ. ಮಳೆ ಬಿಟ್ಟಿತ್ತು. ಮಾವನ ಕಡೆಯವರು ದೋಣಿಯನ್ನು ನೀರಿಗೆ ತಳ್ಳಲು ಹೆಗಲು ಕೊಟ್ಟಿದ್ದರು. ಅಷ್ಟರಲ್ಲಿ ಪೆಟ್ಟಿಗೆ ಕೂಗಿತು. ಪರದೆಯಲ್ಲಿ ಅಚ್ಚ ಕನ್ನಡ ಅಕ್ಷರ: "ಕಡಲಿಗೆ ಹೋಗಬೇಡಿ." ಯಾವ ತೀರಕ್ಕೆ ಎಂದಿತ್ತು, ಸಂಜೆ ಆರರವರೆಗೆ ಎಂದಿತ್ತು, ಕಳಿಸಿದ ಕಚೇರಿಯ ಹೆಸರೂ ಇತ್ತು. ನಾನು ಗಂಗೊಳ್ಳಿಗೆ ಫೋನು ಹಚ್ಚುವ ಮೊದಲೇ ಅಲ್ಲಿಂದ ಫೋನು ಬಂತು. ಅವರ ಪೆಟ್ಟಿಗೆಯೂ ಅದೇ ಕ್ಷಣಕ್ಕೆ ಕೂಗಿತ್ತು.

ಉಳಿದ ಏಳು ಜನವೂ ಮಾವನ ಮುಖ ನೋಡಿದರು. ಮಾವ ಕಡಲನ್ನು ನೋಡಿದರು. ಕಡಲು ಏನೂ ಅರಿಯದ ಹಾಗೆ ಮಲಗಿತ್ತು. ಪೆಟ್ಟಿಗೆ ಹೇಳುವುದನ್ನು ಹೇಳಿಯಾಗಿತ್ತು, ನೂರು ಪುಟ ಬರೆದಿದ್ದರೂ ಎಂಟು ಪುಟ ಬರೆದಿದ್ದರೂ ಇನ್ನು ಮುಂದಿನದು ನಮ್ಮ ಕೈಯಲ್ಲಿ ಇರಲಿಲ್ಲ. ಮ್ಯಾಲೆ ಎಳಿನಿ ಎಂದು ಮಾವ ಕೈಸನ್ನೆ ಮಾಡಿದರು. ದೋಣಿ ಮರಳಿನ ಮೇಲಕ್ಕೆ ಬಂತು.

ಹನ್ನೊಂದರವರೆಗೂ ಬಿಸಿಲೇ ಕಾಯಿತು. ಒಬ್ಬಿಬ್ಬರು ನನ್ನನ್ನು ನೋಡಿ ನಕ್ಕರು. ಆಮೇಲೆ ಪಡುವಣದಲ್ಲಿ ಕಪ್ಪು ಕಟ್ಟಿತು, ಗಾಳಿ ತಿರುಗಿತು, ಮಧ್ಯಾಹ್ನದ ಹೊತ್ತಿಗೆ ಅಳಿವೆಯ ಬಾಯಿಯಲ್ಲಿ ಈ ದಡದಿಂದ ಆ ದಡಕ್ಕೆ ಬೆಳ್ಳಗೆ ನೊರೆ ಬಿಟ್ಟರೆ ಇನ್ನೇನೂ ಕಾಣುತ್ತಿರಲಿಲ್ಲ. ಬೆಳಿಗ್ಗೆ ನಕ್ಕವರೇ ಬಂದು ದೋಣಿಯನ್ನು ಇನ್ನಷ್ಟು ಮೇಲಕ್ಕೆ ಎಳೆದು ಕಟ್ಟಿದರು.

ಮಾವ ಮಾತ್ರ ಊಟಕ್ಕೆ ಕೂತವರೇ ಬೈಯಲು ಶುರು ಮಾಡಿದರು. "ಹನ್ನೊಂದ್ ಗಂಟಿಗೆ ಬಪ್ಪು ಗಾಳಿಗೆ ಆರ್ ಗಂಟಿಗೇ ಕೂಗುದಾ? ಅಷ್ಟೊತ್ತಿಗೆ ಎರಡ್ ಸರ್ತಿ ಬಲಿ ಹಾಕಿ ಬಪ್ಲಕ್ಕಿತ್ತ್. ಅದೆಂತ ಕೂಗುದ್ ಮರಾಯ್ತಿ, ಕಿವಿ ತೂತಾಯ್ತ್. ಓದ್ಕಂಡದ್ದ್ ಮಣ್ಣಾಂಗಟ್ಟಿ ನೀ!" ಬಲಗೈಯಲ್ಲಿ ಅನ್ನ ಕಲೆಸುತ್ತ ಅವರು ಬೈಯುತ್ತಲೇ ಇದ್ದರು. ಹೊರಗೆ ಮಾಡಿನ ಹಂಚು ಹಾರುವಂತಹ ಗಾಳಿ. ಅತ್ತೆ ನನ್ನ ಕಡೆ ಒಮ್ಮೆ ನೋಡಿ, ಮಾವನ ಬಟ್ಟಲಿಗೆ ಇನ್ನೊಂದು ಸೌಟು ಸಾರು ಬಡಿಸಿದರು. ಬೈಯಲಿ, ಎಷ್ಟು ಬೇಕಾದರೂ ಬೈಯಲಿ. ಬೈಯುವುದಕ್ಕೆ ಮಾವ ಮನೆಯಲ್ಲಿದ್ದರು.